ಉದ್ರಿ

ಕೋರ್ಟಿನ ಎದುರು ಬೇವಿನಗಿಡದ ಬುಡಕ
ಮುರುಕ ಮೇಜಿನ ಮ್ಯಾಲೆ ಟೈಪ್ ಕುಟ್ಟೋ ಬೆಳವಟಗಿ ಅಣ್ಣಾರು
ನನ್ನ ಖಾನಾವಳಿಗೆ ಬರಾಕ ಹತ್ತಿ ಹನ್ನೊಂದು ವರ್ಷ.
ಬಗಲಾಗೊಂದು ದಪ್ಪ ಡಿಕ್ಷನರಿ, ಬೈಂಡು ಹೋಗೇತಿ,
ಮೊದಲಿನ ಮೂರಕ್ಷರ ಇಲಿ ತಿಂದಾವು.
"ಆ್ಯಪಲ್ಲು, ಬಾಲು, ಕ್ಯಾಟು ನನಗ ಬರೂದಿಲ್ಲ ಬಸಲಿಂಗಕ್ಕ,
ಡಿ-ದಿಂದ ಮುಂದ ಏನರ ಕೇಳು."

ನಾ ಕೇಳಿದ್ದು ರೊಕ್ಕ.
ನಾಕು ತಿಂಗಳ ಉದ್ರಿ.
ಮಜ್ಜಿಗಿ ಕುಡದು, ಮೀಸಿ ವರಿಸಿಕೊಂಡು,
"ಓವರ್‌ಮಾರೋ" ಅಂದ್ರು.
ಹಂಗಂದ್ರ?
"ನಾಡ್ದ. ಇಂಗ್ಲೀಷಿನಾಗ ಒಂದು ಕಾಲಕ್ಕ ಇತ್ತು, ಕಳಕೊಂಡಾರ.
ಈಗ ನಾಡ್ದ ಅನ್ನಾಕ ಪಾಪ, ನಾಕು ಮಾತು ಖರ್ಚು ಮಾಡತಾರ."
ನನಗ ನಗು ತಡೀಲಿಲ್ಲ.
ನಾಡ್ದ ಅನ್ನೂದು ಸತ್ತ ಊರಾಗ
ಉದ್ರಿ ಗಿರಾಕಿ ಹೆಂಗ ಬದುಕತಾರ?
ವಹಿಯೊಳಗ ಬರದೆ: ರೊಟ್ಟಿ ಮೂರು, ಎಣ್ಣಿಗಾಯಿ ಒಂದು,
ಜಮಾ: ಒಂದು ಮಾತು.

ಆಮ್ಯಾಲ ಅದ ಚಾಳಿ ಬಿತ್ತು.
ವಿಂಡೋ ಅಂದ್ರ ಗಾಳೀಕಣ್ಣು ಅಂತ ಒಂದಿನ.
ನಾ ಮ್ಯಾಳಿಗಿ ಬೆಳಕಿಂಡಿ ತೋರಿಸಿದೆ, ಇದಕ್ಕೇನಂತಾರ?
ಗೋಣು ಎತ್ತಿ ಭಾಳ ಹೊತ್ತು ನೋಡಿದ್ರು,
ಹೊಗಿ ಹೋಗೂ ತೂತಿನಾಗ ಅಂಗೈಯಷ್ಟು ಮುಗಲು.
"ಇದು ಅವರಲ್ಲಿಲ್ಲ" ಅಂದ್ರು.
ಅವತ್ತಿನ ಲೆಕ್ಕ ಹೆಂಗ ಬರೀಬೇಕು ತಿಳೀಲಿಲ್ಲ, ಬಿಟ್ಟೆ.

ಒಂದು ಶನಿವಾರ, ಗಿರಾಕಿ ಒತ್ತರಿಸಿ ನಿಂತಿತ್ತು,
ಬಳಿ ಮೊಣಕೈತನಕ ಸರಿಸಿ
ಕುದಿನೀರು ಹಾಕಿದ ಹಿಟ್ಟು ನಾದಾಕತ್ತಿದ್ದೆ.
"ಲೇಡಿ" ಅಂದ್ರು.
ಯಾರರ ವಕೀಲಬಾಯಾರು ಬಂದ್ರೇನೊ ಅಂತ
ನಾ ಹಿಂದ ತಿರುಗಿ ನೋಡಿದೆ.
"ನಿನಗ. ಲೇಡಿ ಅಂದ್ರ ಮೂಲದಾಗ
ರೊಟ್ಟೀಹಿಟ್ಟು ನಾದಾಕಿ.
ಅವರದು ಉಬ್ಬೂ ರೊಟ್ಟಿ, ಹಿಟ್ಟು ಬ್ಯಾರೆ,
ರಟ್ಟಿನೋವು ಇದ."

ಬಸ್ಸಿನ ಸೀಟಿಗೆ, ದವಾಖಾನಿ ಪಾಳಿಗೆ,
ಸ್ಟ್ಯಾಂಡಿನ ಸಂಡಾಸದ ಬಾಗಲಕ್ಕ
ಇಷ್ಟು ವರ್ಷ ನನ್ನ ಹೆಸರು ಬರದಾರ,
ನಾ ಓದಿದ್ದಿಲ್ಲ.

"ಮತ್ತ ಲಾರ್ಡು?"
"ರೊಟ್ಟಿ ಕಾಯಾವ."
ಗಲ್ಲೇದ ಮ್ಯಾಲೆ ನಮ್ಮ ಮೈದುನ ಅಡಿವೆಪ್ಪ
ಹಲ್ಲಾಗ ಕಡ್ಡಿ ಆಡಿಸಿಕೋತ ಕುಂತಿದ್ದ.
ಹಂಚು ಮುಟ್ಟಿದಾವಲ್ಲ. ರೊಟ್ಟಿ ಎಣಿಸತಾನ, ರೊಕ್ಕ ಎಣಿಸತಾನ,
ಬೋರ್ಡಿನ ಮ್ಯಾಲೆ ಅವನ ಹೆಸರು.
ಹೈಕೋರ್ಟಿನಾಗ ಕರೀ ಕೋಟಿನಾವರು ಮೈ ಲಾರ್ಡ್ ಅಂತಾರಂತ;
ನನ್ನ ರೊಟ್ಟಿ ಕಾಯಾವನ, ಅಂದ್ಹಂಗ ಆತು.
ಖರೇನ ಐತಿ ಬಿಡ್ರಿ, ಅಂದೆ.

ಮೂರನೇದು ಒಂದಿತ್ತು.
ಅದನ್ನ ಅಣ್ಣಾರು ಆರು ತಿಂಗಳು ಬಚ್ಚಿಟ್ಟಿದ್ರು.
ಬೇವಿನಗಿಡದ ಎದುರಿಗೆ ಕಂಪ್ಯೂಟರ್ ಅಂಗಡಿ ಬಂದು,
ಟೈಪಿನ ರಿಬ್ಬನ್ನು ಒಣಗಿ, ಎರಡ ರೊಟ್ಟಿಗೆ ಕೈ ತೊಳಿಯಾಕ ಹತ್ತಿದ್ರು.
ಮೂರನೇದು ನಾ ನೀಡಾಕ ಹೋದ್ರ ತಾಟಿಗೆ ಅಂಗೈ ಅಡ್ಡ.
"ಲಾರ್ಡಿನ ಬುಡಕ ಸಣ್ಣಕ್ಷರದಾಗ ಐತಿ:
ರೊಟ್ಟಿ ತಿನ್ನಾವ. ಅಂದ್ರ ಮನೀ ಆಳು.
ಮಾತು ಸತ್ತು ಸಾವಿರ ವರ್ಷ ಆತು, ಬಸಲಿಂಗಕ್ಕ.
ತಿನ್ನಾವ ನೋಡು, ಇಲ್ಲೇ ಕುಂತಾನ."

ಫ್ಯಾನು ಕಿರ್ ಅಂತಿತ್ತು.
ಸಮಾಧಾನ ಹೇಳಾಕ ನನಗ ಬರೂದಿಲ್ಲ.
ಆಳು ಅಂದಮ್ಯಾಲ ಕೆಲಸ ಹೇಳಬೇಕಲ್ಲ?
"ಒಂದು ಅರ್ಜಿ ಹೊಡೀರಿ ಅಣ್ಣಾರ.
ಖಾನಾವಳಿ ಲೈಸೆನ್ಸು ನನ್ನ ಹೆಸರಿಗೆ ಆಗಬೇಕು.
ಮಾಲಕರು ಅನ್ನೂ ಜಾಗಾದಾಗ ಬಸಲಿಂಗವ್ವ, ಪೂರಾ ಹೆಸರು."
"ಯಾವಾಗ ಬೇಕು?"
"ನಿಮ್ಮ ಇಂಗ್ಲೀಷಿನ ನಾಡ್ದ ಅಲ್ಲ. ಇವತ್ತ."

ಅಂಗೈ ತಗದ್ರು. ಬಿಸೀದು ನೀಡಿದೆ.
ಗಲ್ಲೇದ ಕಡೆ
ಹಲ್ಲಾಗಿನ ಕಡ್ಡಿ ನಿಂತಿತ್ತು.